ಹಿಂದಿನಿಂದ ಹಿಡಿಯುವಂತಿಲ್ಲ!

“ಇವತ್ತಿನಿಂದ ಈ ಮನ್ಯಾಗ ಯಾರೂ ಯಾರನ್ನೂ ಹಿಡದು ಕೆಡವೂ ಹಂಗಿಲ್ಲ!”

ಸೋಮವಾರ ಬೆಳಿಗ್ಗೆ, ಅವಲಕ್ಕಿ ಕಲಸುತ್ತಿದ್ದ ಸೌಟನ್ನು ರಾಜದಂಡದಂತೆ ಮೇಲೆತ್ತಿ, ಪುಣೆಯ ವಾಕಡದ ತನ್ನ ಎರಡನೆಯ ಮಹಡಿಯ ಫ್ಲ್ಯಾಟಿನ ಹಾಲ್ ನಡುವೆ ನಿಂತು ಇಂದೂ ಘೋಷಿಸಿಯೇಬಿಟ್ಟಳು. ಇಂಥ ಘೋಷಣೆ ಮಾಡಿದ ರಾಜರಾಣಿಯರ ಗತಿ ಕೊನೆಗೆ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಅದನ್ನೆಲ್ಲ ಉರುಹೊಡೆದು, ಪರೀಕ್ಷೆಯಲ್ಲಿ ಬರೆದು, ಅಲ್ಲೇ ಬಿಟ್ಟು ಬಂದಿದ್ದಳು, ಅಷ್ಟೆ.

ಇಂದೂಗೆ ಮಗ ಒಬ್ಬನೇ, ನಾಲ್ಕು ವರ್ಷದ ವಿಕ್ರಮ, ಮನೆಯವರಿಗೆಲ್ಲ ವಿಕ್ಕು. ಭಯಗಳು ಮಾತ್ರ ಲೆಕ್ಕವಿಲ್ಲದಷ್ಟು! ದ್ರಾಕ್ಷಿ ಹಣ್ಣನ್ನು ನಾಲ್ಕು ಹೋಳು ಮಾಡದೆ ಅವನ ಬಾಯಿಗೆ ಹಾಕಿದವಳಲ್ಲ. ಟೀಪಾಯಿಯ ಮೂಲೆಗಳಿಗೆ ಸ್ಪಂಜು ಅಂಟಿಸಿ, ಅದರ ಮೇಲೆ ಮತ್ತೊಂದು ಸ್ಪಂಜು ಅಂಟಿಸಿ, ಆ ಟೀಪಾಯಿ ಈಗ ಉಣ್ಣೆ ಕತ್ತರಿಸದ ಕುರಿಯಂತೆ ಹಾಲಿನಲ್ಲಿ ನಿಂತಿತ್ತು. ಮಗ ಒಂದು ಸಲ ಸೀನಿದರೆ ಅವಳು ಮೊಬೈಲ್ ತೆಗೆಯುತ್ತಿದ್ದಳು. ಅವನು ಎರಡನೆಯ ಸಲ ಸೀನುವಷ್ಟರಲ್ಲಿ ಮೊಬೈಲು ಅವನಿಗೆ ಏಳೆಂಟು ರೋಗಗಳನ್ನು ದಯಪಾಲಿಸಿರುತ್ತಿತ್ತು.

ಅಂಥವಳ ಮನೆಯಲ್ಲಿ ಕೆಡವುವ ಆಟ ಹೇಗೆ ಹೊಕ್ಕಿತು ಎನ್ನುತ್ತೀರಾ? ಎಲ್ಲಕ್ಕೂ ಮೂಲ ಅಮೆರಿಕ!

ಗಂಡ ಶಿವರಾಜ ಹಿಂಜವಡಿಯ ಕಂಪನಿಯಲ್ಲಿ ಅಮೆರಿಕದ ಗಿರಾಕಿಗಳ ಕೆಲಸ ನೋಡುವವನು. ಸೋಮವಾರ ಸಂಜೆಯ ಕಾಲ್‌ನಲ್ಲಿ ಆ ಕಡೆಯ ಸಾಹೇಬ ಕೆಲಸದ ಮಾತಿಗೆ ಮುಂಚೆ ತನ್ನೂರಿನ ಫುಟ್‌ಬಾಲ್ ಮ್ಯಾಚಿನ ಪುರಾಣ ಬಿಚ್ಚುತ್ತಿದ್ದ. ಬರೀ “ಯೆಸ್, ಯೆಸ್” ಅಂದವರಿಗೆ ಬಡ್ತಿ ಸಿಗುವುದಿಲ್ಲವೆಂದು ಮನವರಿಕೆಯಾದ ಮೇಲೆ ಶಿವರಾಜ ಸೋಮವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಟೀವಿಯಲ್ಲಿ ಆ ಮ್ಯಾಚ್ ಹಾಕತೊಡಗಿದ. ವಿಚಿತ್ರ ಆಟ! ಹೆಸರು ಫುಟ್‌ಬಾಲ್, ಚೆಂಡು ಕೈಯಲ್ಲಿ. ಚೆಂಡಾದರೂ ದುಂಡಗಿದೆಯೇ? ಸುಲಿಯದ ತೆಂಗಿನಕಾಯಿ ಥರ. ಅದನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಓಡಬೇಕು, ಮಿಕ್ಕವರು ಅಟ್ಟಿಸಿಕೊಂಡು ಹೋಗಿ ಹಿಡಿದು ಕೆಡವಬೇಕು.

ಪೇಪರಿನಲ್ಲಿ ಮುಖ ಹುದುಗಿಸಿದ್ದ ಮಾವ ಸಿದ್ದಲಿಂಗಪ್ಪ ಮೊದಲ ದಿನವೇ ಪೇಪರ್ ಕೆಳಗಿಟ್ಟಿದ್ದರು. ಹರೆಯದಲ್ಲಿ ಅವರು ಜಮಖಂಡಿ ಸುತ್ತಿನಲ್ಲೆಲ್ಲ ಕಬಡ್ಡಿಗೆ ಹೆಸರಾದವರು. ಆಮೇಲೆ ಪುಣೆಗೆ ಬಂದು ಗುಮಾಸ್ತಿಕೆಯಲ್ಲಿ ತಲೆ ನರೆಸಿಕೊಂಡವರು.

“ಏ ಶಿವ್ಯಾ, ಇದು ನಮ್ಮ ಕಬಡ್ಡೀನ ಅಲ್ಲೇನೋ? ತಲೀಗೆ ಹೆಲ್ಮೆಟ್ ಹಾಕ್ಕೊಂಡಾರ, ಉಸಿರು ಬಿಡಾಕ ಪರವಾನಗಿ ಅದ. ಅಷ್ಟ ಫರಕು!”

ಅಲ್ಲಿಂದ ಶುರು. ಮ್ಯಾಚ್ ಮುಗಿಯುತ್ತಲೇ ಹಾಲಿನಲ್ಲಿ ಗಾದಿ ಹಾಸುವುದು, ವಿಕ್ಕು ದಿಂಬು ಎತ್ತಿಕೊಂಡು ಓಡುವುದು, ಅಜ್ಜ ಹಿಂದಿನಿಂದ ನಡ ಹಿಡಿದು ಗಿರ್ರನೆ ತಿರುಗಿಸಿ ಗಾದಿಯ ಮೇಲೆ ಧಡಮ್ಮನೆ ಬೀಳುವುದು! ಪ್ರತಿ ಸಲವೂ ಇಂದೂ ಅಡುಗೆಮನೆಯಲ್ಲಿ ಸಿಂಕು ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದಳು. ಕೆಳಮನೆಯ ರಂಜನಾತಾಯಿ ಫೋನ್ ಮಾಡುತ್ತಿದ್ದರು: “ಅಗಂ ಇಂದೂ, ಆಮಚಾ ಪಂಖಾ ಹಲತೋಯ್!” ಇವರ ಮನೆಯಲ್ಲಿ ಮೊಮ್ಮಗ ಬಿದ್ದರೆ ಅವರ ಮನೆಯಲ್ಲಿ ಫ್ಯಾನು ಅಲುಗುತ್ತಿತ್ತು.

ಆ ಸೋಮವಾರ ಇಂದೂಗೆ ದೇವರೇ ಟೀವಿಯಲ್ಲಿ ಪ್ರತ್ಯಕ್ಷನಾದ. ಅಂಪೈರ್ ವೇಷದಲ್ಲಿ! ಒಬ್ಬ ದೈತ್ಯ ಇನ್ನೊಬ್ಬನನ್ನು ಹಿಂದಿನಿಂದ ಹಿಡಿದು, ತಿರುಗಿಸಿ, ತನ್ನ ಸೊಂಟದ ಭಾರವನ್ನೆಲ್ಲ ಅವನ ಕಾಲಿನ ಮೇಲೆ ಇಳಿಬಿಟ್ಟಿದ್ದ. ಅಂಪೈರ್ ಹಳದಿ ಬಾವುಟ ಎಸೆದ. ಇಂಥ ಹಿಡಿತದಿಂದ ಆಟಗಾರರ ಕಾಲುಗಳು ಮುರಿಯುತ್ತಿವೆ, ಅದಕ್ಕೇ ಇದನ್ನು ನಿಷೇಧಿಸಿ ಹೊಸ ನಿಯಮ ಬಂದಿದೆ ಎಂದು ಶಿವರಾಜ ವಿವರಿಸಿದ.

ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ಊಳಿಟ್ಟಿತು. ಮೈಗೆಲ್ಲ ಹಸಿರು ಬಣ್ಣ ಬಳಿದುಕೊಂಡ ಡೊಳ್ಳು ಹೊಟ್ಟೆಯವನೊಬ್ಬ ತಲೆಯ ಮೇಲೆ ಕೈಹೊತ್ತು ಕೂತ. ಇನ್ನೊಬ್ಬ ಏನೋ ಬರೆದ ರಟ್ಟು ಎತ್ತಿ ಹಿಡಿದ.

“ಏನಂತ ಬರದಾನೋ?” ಸಿದ್ದಲಿಂಗಪ್ಪ ಕೇಳಿದರು.

“‘ಇನ್ನ ಮ್ಯಾಲ ಎಲ್ಲಾರಿಗೂ ದಿಂಬು ಕೊಟ್ಟು ಮಲಗಸ್ರಿ’ ಅಂತ.”

“ಖರೇ ಬರದಾನ! ಯಾರಂವಾ? ನಮ್ಮ ಕಡಿಯಾಂವ ಇರಬೇಕು!” ಮಾವ ತೊಡೆ ತಟ್ಟಿದರು. “ಹಿಡಿಯೋದ ಬ್ಯಾಡಂದ್ರ ಆಟ ಯಾಕ? ಸಾಲಾಗಿ ನಿಂತು ಒಂದು ಫೋಟೋ ತಗಸ್ಕೊಂಡು ಮನೀಗೆ ಹೋಗ್ರಿ ಅನ್ನು!”

“ನಮ್ಮ ಆಫೀಸ್ ಗ್ರೂಪ್‌ನಾಗೂ ಇದಾ ನಡದದ ಅಪ್ಪಾ. ಹಿಡಿಯೂಕಿಂತ ಮೊದಲ ಅರ್ಜಿ ಕೊಡಬೇಕಂತ!”

ಅಪ್ಪ ಮಗ ಬಿದ್ದು ಬಿದ್ದು ನಕ್ಕರು. ಅತ್ತೆ ಭೀಮವ್ವ ಮಾತ್ರ ಕೆಳಗೆ ಬಿದ್ದಿದ್ದ ಕ್ವಿಂಟಲ್ ತೂಕದ ಆಟಗಾರನನ್ನೇ ನೋಡುತ್ತಾ, “ಪಾಪ, ಆ ಕೂಸು ಮುಂಜಾನಿ ಏನರ ತಿಂದದೋ ಇಲ್ಲೋ,” ಎಂದರು.

“ನಗ್ರಿ, ನಗ್ರಿ!” ಇಂದೂ ಸೌಟಿನ ಸಮೇತ ಹಾಲಿಗೆ ಬಂದಳು. “ಆ ಕಾಲು ಮುರದ್ರ ಅವರವ್ವಗ ಫೋನ್ ಹೋಗ್ತದಲ್ಲ, ಆಕಿ ಜೀವಾ ಏನಾಗಬೇಕು? ಅಷ್ಟು ದೊಡ್ಡ ದೇಶಕ್ಕ ಬುದ್ಧಿ ಬಂದದ, ನಮ್ಮ ಮನೀಗೆ ಯಾಕ ಬರಬಾರದು?”

ಮೊದಲು ಹೇಳಿದ ಘೋಷಣೆ ಮೊಳಗಿದ್ದು ಆಗಲೇ. ಹಿಂದಿನಿಂದ ಹಿಡಿಯುವಂತಿಲ್ಲ. ಹಿಡಿದರೂ ತಿರುಗಿಸುವಂತಿಲ್ಲ. ತಿರುಗಿಸಿದರೂ ಬೀಳುವಂತಿಲ್ಲ! ಅಲ್ಲಿ ತಪ್ಪು ಮಾಡಿದ ತಂಡಕ್ಕೆ ಹದಿನೈದು ಗಜದ ದಂಡವಂತೆ. ಬಿಲ್ಡರನ ಕೃಪೆಯಿಂದ ಇವರ ಹಾಲೇ ಅಷ್ಟು ಉದ್ದವಿರಲಿಲ್ಲ. ಹಾಗಾಗಿ ಇಂದೂ ಗಜಗಳನ್ನು ನಿಮಿಷಗಳನ್ನಾಗಿ ಮಾರ್ಪಡಿಸಿ, ತಪ್ಪಿತಸ್ಥರು ಹದಿನೈದು ನಿಮಿಷ ಬಾಲ್ಕನಿಯಲ್ಲಿ ಕೂರತಕ್ಕದ್ದು ಎಂದು ವಿಧಿಸಿದಳು. ಯಾರದೋ ಗೃಹಪ್ರವೇಶದಲ್ಲಿ ಉಡಿ ತುಂಬಿದ ಹಳದಿ ಜಂಪರ್ ಪೀಸು ಬಾವುಟವಾಯಿತು.

ಮೊದಲ ಬಾವುಟ ಅವತ್ತೇ ಮಧ್ಯಾಹ್ನ ಮಾವನ ಹೆಗಲ ಮೇಲೆ ಬಿತ್ತು. ಸಿದ್ದಲಿಂಗಪ್ಪ ಅದನ್ನು ಶಲ್ಯದಂತೆ ಹೊದ್ದುಕೊಂಡು, ಬಾಲ್ಕನಿಗೆ ಹೋಗಿ ತುಳಸಿ ಕುಂಡದ ಪಕ್ಕ ಕೂತರು. ಒಳಗೆ ಕರೆದುಬಿಡಲೇ ಎಂದು ಇಂದೂ ಬಾಲ್ಕನಿಯ ಬಾಗಿಲವರೆಗೆ ಹೋಗಿ ಬಂದಳು. ಆದರೆ ಅಂಪೈರ್ ಆದವಳು ಅಳುತ್ತಾ ಕೂತರೆ ಆಟ ನಡೆಯುವುದು ಹೇಗೆ?

ಇಡೀ ಸೊಸೈಟಿಯಲ್ಲಿ ನಿಯಮಕ್ಕೆ ಸಿಕ್ಕ ಏಕೈಕ ಅಭಿಮಾನಿ ಎಂದರೆ ರಂಜನಾತಾಯಿ. ಡಬ್ಬಿ ತುಂಬ ಶಂಕರಪಾಳಿ ಹಿಡಿದುಕೊಂಡು ಮೇಲೆ ಬಂದು, “ಆತಾ ಕಿತಿ ಶಾಂತ ವಾಟತಂ!” ಎಂದು ಇಂದೂಳ ಗಲ್ಲ ಹಿಂಡಿ ಹೋದರು.

ಶಾಂತಿಯೇ? ಅದು ಅವರ ಫ್ಯಾನಿಗೆ ಮಾತ್ರ!

ಹೊಸ ನಿಯಮವನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವನು ವಿಕ್ಕು. ತನ್ನನ್ನು ಹಿಂದಿನಿಂದ ಯಾರೂ ಹಿಡಿಯುವಂತಿಲ್ಲ. ಅಂದರೆ ಬೆನ್ನು ತೋರಿಸಿ ಓಡಿದರೆ ಮೂರು ಲೋಕದಲ್ಲಿ ತನ್ನನ್ನು ಹಿಡಿಯುವವರೇ ಇಲ್ಲ! ಹಲ್ಲುಜ್ಜು ಎಂದರೆ ಓಟ. ಹಾಲು ಕುಡಿ ಎಂದರೆ ಓಟ. ಚಡ್ಡಿ ಹಾಕಿಕೋ ಎಂದರೆ ಚಡ್ಡಿಯಿಲ್ಲದೆ ಓಟ.

“ಫೌಲ್! ಪಪ್ಪಾ ಫೌಲ್! ಹಿಂದಿಂದ ಹಿಡದಿ!”

ಶಿವರಾಜ ಬಾಲ್ಕನಿಯಲ್ಲಿ ಕೂತ ಸಮಯವನ್ನೆಲ್ಲ ಕೂಡಿಸಿದರೆ ಅವನಿಗೆ ಅಲ್ಲೇ ರೇಷನ್ ಕಾರ್ಡ್ ಕೊಡಬಹುದಿತ್ತು. ಒಂದು ಸಂಜೆ ಅಲ್ಲಿಂದಲೇ ಲ್ಯಾಪ್‌ಟಾಪ್ ತೆರೆದು ಕಾಲ್‌ಗೆ ಕೂತ. ಹಿಂದೆ ಕಾಗೆಗಳ ಸಭೆ. ಸಾಹೇಬ, ಪಿಕ್ನಿಕ್ ಹೋಗಿದ್ದೀಯಾ ಎಂದು ಕೇಳಿದನಂತೆ.

ಕ್ರಮೇಣ ಗಂಡಸರಿಬ್ಬರೂ ಹೊಸ ವಿದ್ಯೆ ಕಲಿತರು. ಹುಡುಗನನ್ನು ದಾಟಿ ಮುಂದಕ್ಕೆ ಓಡುವುದು, ಗಕ್ಕನೆ ತಿರುಗಿ ಎದುರಿಗೆ ನಿಂತು ಕೈಚಾಚುವುದು. ಅಷ್ಟರಲ್ಲಿ ಹುಡುಗ ಹಿಂದಿರುಗಿ ಓಡಿರುತ್ತಿದ್ದ, ಮತ್ತೆ ಅವನ ಬೆನ್ನೇ ಇವರಿಗೆ ಗತಿ! ಮತ್ತೆ ಸುತ್ತುಹಾಕಿ ಎದುರಿಗೆ ಬರಬೇಕು.

“ದೇವರಿಗೂ ಇಷ್ಟು ಪ್ರದಕ್ಷಿಣಿ ಹಾಕಿದಾಕಿ ಅಲ್ಲವಾ ನಾ!” ಭೀಮವ್ವ ಬ್ರಶ್ಶು ಹಿಡಿದು ಏದುಸಿರು ಬಿಡುತ್ತಿದ್ದರು. “ಹಲ್ಲು ತಿಕ್ಕೂದಕ್ಕೂ ಈ ದೊರಿ ಎದುರಿಗೆ ಬಂದು ಕೈ ಮುಗದು ನಿಂದರಬೇಕೇನು?”

“ಸ್ವಲ್ಪ ದಿನಾ ಅತ್ತೀ, ರೂಢಿ ಆಗ್ತದ.”

ರೂಢಿಯಾಗಿದ್ದು ಎಲ್ಲರಿಗೂ, ಒಬ್ಬರನ್ನು ಬಿಟ್ಟು. ಸಿದ್ದಲಿಂಗಪ್ಪ ಗಾದಿ ಹಾಸುವುದನ್ನೇ ಬಿಟ್ಟರು. ಪೇಪರಿನ ಒಂದೇ ಪುಟ ಹಿಡಿದು ಹೊತ್ತು ಕಳೆಯುತ್ತಿದ್ದರು.

“ಅಪ್ಪ ನಕ್ಕು ಎಷ್ಟು ದಿನಾ ಆತು, ನೋಡೀಯೇನು?” ಶಿವರಾಜ ಒಂದು ದಿನ ಕೇಳಿದ.

“ಕಾಲು ಮುರಕೊಂಡು ನಗೂದಕಿಂತಾ ಗಟ್ಟಿ ಕಾಲ ಇಟಗೊಂಡು ಸುಮ್ನ ಕೂಡೂದು ಚೊಲೋರಿ.”

“ಇಲ್ಲೀತನಕಾ ಯಾರ ಕಾಲು ಮುರದದ?”

“ಮುರದ ಮ್ಯಾಲ ನಿಯಮಾ ಮಾಡಬೇಕೇನ್ರಿ? ಅಮೆರಿಕಾದಾಗ…”

“ಅಲ್ಲಿ ಮಂದಿ ಒಬ್ಬೊಬ್ಬರು ಕ್ವಿಂಟಲ್ ಮ್ಯಾಲ ಇರ್ತಾರ, ಇಂದೂ! ನಮ್ಮಪ್ಪನ್ನ ಒದ್ದಿ ಟಾವೆಲ್ ಸುದ್ದಾ ತೂಗಿದ್ರೂ ಐವತ್ತು ದಾಟಂಗಿಲ್ಲ!”

ಇಂದೂ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಮಾತಿನಲ್ಲಿ ಗೆಲ್ಲಲಾಗದಿದ್ದರೇನು, ಬಾವುಟವಂತೂ ಅವಳ ಸೊಂಟದಲ್ಲೇ ಇತ್ತು.

ದೀಪಾವಳಿ ಬಂತು. ನರಕ ಚತುರ್ದಶಿಯ ನಸುಕು. ಭೀಮವ್ವ ಹಾಲಿನಲ್ಲಿ ಮಣೆ ಹಾಕಿ, ಸುತ್ತ ರಂಗೋಲಿ ಎಳೆದು, ಮೊಮ್ಮಗನನ್ನು ಬರೀ ಚಡ್ಡಿಯಲ್ಲಿ ಕೂರಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಬೆಚ್ಚನೆಯ ಎಣ್ಣೆ ತಿಕ್ಕಿದರು. ಹುಡುಗ ಆಗತಾನೇ ಕರಿದ ಬೂಂದಿಯಂತೆ ಹೊಳೆಯುತ್ತಿದ್ದ. ಇಂದೂ ಬಾಗಿಲು ತೆರೆದು ಹೊಸ್ತಿಲ ಮುಂದೆ ರಂಗೋಲಿ ಹಾಕುತ್ತಾ ಕೂತಿದ್ದಳು. ಪಟಾಕಿ ಮುಟ್ಟಿಸುವುದೇನಿದ್ದರೂ ಹಬ್ಬದೂಟ ಆದ ಮೇಲೆ, ಅದೂ ಸುರುಸುರುಬತ್ತಿ ಒಂದೇ, ಅದೂ ಬಕೆಟ್ಟಿನ ತುಂಬ ನೀರು ಪಕ್ಕದಲ್ಲಿಟ್ಟುಕೊಂಡು ಎಂದು ಆಗಲೇ ಅಪ್ಪಣೆಯಾಗಿತ್ತು.

ಕೆಳಗೆ ಪಾರ್ಕಿಂಗಿನಲ್ಲಿ ಢಮ್ ಎಂದಿತು.

ವಿಕ್ಕು ಮಣೆಯಿಂದ ಎದ್ದ. ಅಜ್ಜಿಯ ಕೈಯಿಂದ ಜಾರಿದ. ಅಜ್ಜನ ಎಡಗಡೆಯಿಂದ ನುಸುಳಿದ. ರಂಗೋಲಿಯನ್ನೂ, ರಂಗೋಲಿ ಹಾಕುತ್ತಿದ್ದ ತಾಯಿಯನ್ನೂ ಒಂದೇ ಜಿಗಿತಕ್ಕೆ ದಾಟಿ ಮೆಟ್ಟಿಲಿಗೆ ಬಿದ್ದ!

“ರೀ! ಹಿಡೀರಿ ಅವನ್ನ!”

ಹೂವು ತರಲು ಹೋಗಿದ್ದ ಶಿವರಾಜ ಮೆಟ್ಟಿಲು ಹತ್ತಿ ಬರುತ್ತಿದ್ದ. ಎದುರಿಗೇ ಸಿಕ್ಕ ಮಗನನ್ನು ನಿಯಮಬದ್ಧವಾಗಿ ಎದುರಿನಿಂದಲೇ ಹಿಡಿದ. ಆದರೆ ಎಣ್ಣೆಗೆ ಯಾವ ನಿಯಮ? ಪುಳಕ್ಕನೆ ಜಾರಿತು ಹುಡುಗ. ಅಪ್ಪನ ಕೈಯಲ್ಲಿ ಉಳಿದದ್ದು ಎಣ್ಣೆ, ಮೆಟ್ಟಿಲ ಮೇಲೆ ಚೆಲ್ಲಿದ್ದು ಸೇವಂತಿಗೆ.

ಮುಂದೆ ವಿಕ್ಕು, ಹಿಂದೆ ಶಿವರಾಜ, ಅವನ ಹಿಂದೆ ರಂಗೋಲಿ ಕೈಯ ಇಂದೂ, ಆಮೇಲೆ ಧೋತರ ಎತ್ತಿ ಕಟ್ಟಿದ ಸಿದ್ದಲಿಂಗಪ್ಪ, ಕೊನೆಗೆ ಎಣ್ಣೆ ಬಟ್ಟಲು ಹಿಡಿದ ಭೀಮವ್ವ. ಹೀಗೆ ಮೆರವಣಿಗೆ ಪಾರ್ಕಿಂಗಿಗೆ ಇಳಿಯಿತು.

ಅಲ್ಲಿ ಸೊಸೈಟಿಯ ಮಕ್ಕಳು ಗೇಟಿನ ಹತ್ತಿರ ಹೂಕುಂಡವೊಂದಕ್ಕೆ ಬತ್ತಿ ಮುಟ್ಟಿಸಿ ದೂರ ನಿಂತಿದ್ದರು. ಅದು ಸುರ್ರೆಂದು ಒಂದಿಷ್ಟು ಹೊಗೆಯಾಡಿ ಸುಮ್ಮನಾಯಿತು. “ಠುಸ್! ಠುಸ್!” ಎಂದು ಮಕ್ಕಳು ಕೂಗಿದರು. ಆದರೆ ಅದರ ನೆತ್ತಿಯಲ್ಲಿ ಸಾಸಿವೆಯಷ್ಟು ಕೆಂಪು ಇನ್ನೂ ಮಿಣುಕುತ್ತಿತ್ತು. ಇಂದೂಗೆ ಅದು ಕಂಡಿತು. ಊರಿಗೆಲ್ಲ ಕಾಣದ ಅಪಾಯ ಕಾಣುವ ಕಣ್ಣುಗಳಲ್ಲವೇ ಅವು! ಮೈತುಂಬ ಎಣ್ಣೆ ಬಳಿದುಕೊಂಡ ಅವಳ ಒಬ್ಬನೇ ಮಗ, ಎರಡೂ ಕೈ ಮುಂದೆ ಚಾಚಿ, ಸೀದಾ ಅದರ ಕಡೆಗೆ ಓಡುತ್ತಿದ್ದ.

“ವಿಕ್ಕೂ! ನಿಲ್ಲು! ಮುಟ್ಟಬ್ಯಾಡ!”

“ಫೌಲ್!” ಎಂದು ಖುಷಿಯಿಂದ ಕೂಗಿ ಹುಡುಗ ಇನ್ನೂ ಜೋರು ಮಾಡಿದ.

ಮೊದಲು ಅವನ ಬೆನ್ನ ಹಿಂದೆ ಇದ್ದವನು ಶಿವರಾಜ. ಕೈ ಚಾಚಿದ್ದರೆ ಸಿಗುತ್ತಿದ್ದ. ಆದರೆ ಇಷ್ಟು ದಿನಗಳ ತಾಲೀಮು ಹುಡುಗಾಟವೇ? ಅವನ ಕಾಲುಗಳು ತಾವೇ ಎಡಕ್ಕೆ ಹೊರಳಿ, ನಿಂತ ಕಾರನ್ನು ಸುತ್ತುಹಾಕಿ, ಮಗನ ಎದುರಿಗೆ ಬರಲು ಹೊರಟವು. ಸಿದ್ದಲಿಂಗಪ್ಪನವರೂ ಅಭ್ಯಾಸಬಲದಿಂದ ಬಲಕ್ಕೆ ಹೊರಳಿ, ಸ್ಕೂಟರುಗಳ ಸಾಲು ಬಳಸಿದರು. ಅರ್ಧದಲ್ಲಿ ಅವರಿಗೇ ಅರಿವಾಯಿತು. ಅಲ್ಲಿಂದಲೇ ಕಿರುಚಿದರು:

“ಇಂದವ್ವಾ! ಹಿಂದಿಂದ ಹಿಡೀ! ಹಿಂದಿಂದ!”

ಅವರು ಹೇಳುವ ತನಕ ಕಾಯುವವರು ಯಾರು? ಇಂದೂ ಆಗಲೇ ನೆಲ ಬಿಟ್ಟಿದ್ದಳು.

ಮುಂದೆ ವಾಕಡದ ಆ ಪಾರ್ಕಿಂಗಿನಲ್ಲಿ ನಡೆದದ್ದನ್ನು ಅಮೆರಿಕದ ಅಂಪೈರ್ ಯಾರಾದರೂ ಕಂಡಿದ್ದರೆ, ಬಾವುಟ ಎಸೆದದ್ದು ಸಾಲದೆಂದು ತೊಟ್ಟ ಶರ್ಟನ್ನೂ ಬಿಚ್ಚಿ ಎಸೆಯುತ್ತಿದ್ದ. ಇಂದೂ ಹಿಂದಿನಿಂದ ಹಿಡಿದಳು. ಎಣ್ಣೆ ಮೈ ಜಾರಿತು. ಚಡ್ಡಿಯ ಎಲಾಸ್ಟಿಕ್ ಬೆರಳಿಗೆ ಸಿಕ್ಕಿತು. ಅದನ್ನೇ ಎಳೆದು ಎರಡೂ ತೋಳಿಂದ ನಡ ಬಿಗಿದಳು. ಗಿರ್ರನೆ ತಿರುಗಿದಳು. ಸೊಂಟದ ಭಾರವನ್ನೆಲ್ಲ ಇಳಿಬಿಟ್ಟು ಧಡಮ್ಮನೆ ಬಿದ್ದಳು! ನಿಯಮದ ಒಂದು ಅಕ್ಷರವೂ ಮುರಿಯದೆ ಉಳಿಯಲಿಲ್ಲ.

ಮರುಕ್ಷಣವೇ ಹೂಕುಂಡ ಭುಸ್ಸೆಂದು ಎದ್ದಿತು. ಆಳೆತ್ತರಕ್ಕೆ ಬೆಂಕಿಯ ಹೂವು! ಕಿಡಿಗಳು ಅವಳ ಪಾದದಿಂದ ಮಾರು ದೂರದಲ್ಲಿ ಉದುರಿ ಆರಿದವು.

ಆಮೇಲೆ ಮೊದಲನೆಯ ಮಹಡಿಯ ಬಾಲ್ಕನಿಯಿಂದ, ತಲೆಗೆ ಟಾವೆಲ್ ಸುತ್ತಿಕೊಂಡ ರಂಜನಾತಾಯಿಯ ಕೂಗು ಕೇಳಿತು: “ಶಾಬ್ಬಾಸ್ ಇಂದೂ! ಕಾಯ್ ಪಕಡಲಂಸ್!” ಅದರ ಹಿಂದೆ ಎಲ್ಲ ಬಾಲ್ಕನಿಗಳಿಂದ ಚಪ್ಪಾಳೆ, ಸೀಟಿ. ನಿಯಮದ ಏಕೈಕ ಅಭಿಮಾನಿಯೂ ಪಕ್ಷಾಂತರ ಮಾಡಿಯಾಗಿತ್ತು.

ಇಂದೂಗೆ ಒಂದೂ ಕೇಳಿಸಲಿಲ್ಲ. ಮಲಗಿದಲ್ಲೇ ಮಗನ ಬೆರಳು, ಮೊಣಕಾಲು, ಮೂಗು, ಹಲ್ಲು ತಡವಿ ನೋಡಿದಳು. ಗೀರೂ ಇರಲಿಲ್ಲ. ಅವನು ಬಿದ್ದದ್ದು ನೆಲದ ಮೇಲಲ್ಲ, ತಾಯಿಯ ಹೊಟ್ಟೆಯ ಮೇಲೆ. ನೆಲದ ಫರಸಿಕಲ್ಲು ಬಡಿದದ್ದು ಅವಳ ಮೊಣಕೈಗೆ, ಉಳುಕಿದ್ದು ಅವಳ ಪಾದ.

“ನಾ ಇವನ ಕೆಳಗ ಹೆಂಗ ಬಂದೆ?” ಅವಳು ತನ್ನಷ್ಟಕ್ಕೆ ಕೇಳಿಕೊಂಡಳು.

ಶಿವರಾಜ ಓಡಿ ಬಂದು ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡ. “ಅಪ್ಪ ಹಿಂಗಾ ಬೀಳ್ತಾನ, ಇಂದೂ. ತಾ ಕೆಳಗ, ಹುಡುಗ ಮ್ಯಾಲ. ಯಾವತ್ತೂ ಹಿಂಗಾ. ನೀ ಒಮ್ಮಿನೂ ನೋಡಿಲ್ಲ, ಕಣ್ಣು ಮುಚ್ಚಿರ್ತಿ.”

ಇಂದೂ ತಲೆ ಹೊರಳಿಸಿ ಮಾವನನ್ನು ನೋಡಿದಳು. ಅವರು ಸ್ಕೂಟರಿಗೆ ಒರಗಿ ಎದೆ ಹಿಡಿದುಕೊಂಡು ನಿಂತಿದ್ದರು. ಕಣ್ಣಲ್ಲಿ ನೀರು. ಓಡಿ ಬಂದ ಸೆಕೆಗೆ ಅಂಗಿಯ ತೋಳು ಮೇಲಕ್ಕೆ ಮಡಿಚಿದ್ದರು.

“ಮಾವಾರ, ಮೊಣಕೈ ತೋರಸ್ರಿ.”

“ಏನಿಲ್ಲ ಬಿಡವಾ. ಹಳೀ ಕಲಿ,” ಎಂದು ಅವರು ಗಡಬಡಿಸಿ ತೋಳು ಇಳಿಸಿದರು. ಆದರೆ ಅವಳಿಗೆ ಕಂಡಿತ್ತು. ಎರಡೂ ಮೊಣಕೈ ಮೇಲೆ ಒಣಗಿ ಕಪ್ಪಾದ ತರಚು ಗುರುತುಗಳು. ಗಾದಿಯ ಅಂಚು ದಾಟಿ ನೆಲಕ್ಕೆ ಬಡಿದ ಪೆಟ್ಟುಗಳೆಲ್ಲ ಆ ತುಂಬುತೋಳಿನ ಅಂಗಿಯೊಳಗೆ ಸುಮ್ಮನೆ ಕೂತಿದ್ದವು.

ಇಂದೂ ಅತ್ತುಬಿಟ್ಟಳು. “ನಂದು ತಪ್ಪಾತ್ರಿ. ನಿಮ್ಮ ಉಪಕಾರ ಹೆಂಗ ತೀರಸ್ಲಿ…” ಎಂದು ಕಾಲಿಗೆರಗಲು ಎದ್ದಳು. ಪಾದ ಒಲ್ಲೆನೆಂದಿತು, ಮತ್ತೆ ಧೊಪ್ಪನೆ ಕೂತಳು.

“ನಿನ್ನ ಕಾಲು ಮೊದಲ ನೆಟ್ಟಗಾಗ್ಲಿ, ಆಮ್ಯಾಲ ನನ್ನ ಕಾಲು ಮುಟ್ಟೀಯಂತ!” ಸಿದ್ದಲಿಂಗಪ್ಪ ಅಳುತ್ತಲೇ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕರು. “ಏನು ಹಿಡದಿ ಇಂದವ್ವಾ! ಜಮಖಂಡ್ಯಾಗ ಇದ್ದಿದ್ರ ಜನಾ ನಿನ್ನ ಹೆಗಲ ಮ್ಯಾಲ ಹೊತ್ತು ತಿರಗ್ತಿದ್ರು!”

ಭೀಮವ್ವ ಸೊಸೆಯ ಪಾದವನ್ನು ಮಡಿಲಿಗೆ ಎಳೆದುಕೊಂಡು, ಮೊಮ್ಮಗನಿಗೆ ತಂದ ಎಣ್ಣೆಯನ್ನೇ ತಿಕ್ಕತೊಡಗಿದರು. ಅಲ್ಲೇ, ಫರಸಿಯ ಮೇಲೆ ಕೂತು, ಇಂದೂ ಒಬ್ಬೊಬ್ಬರನ್ನೇ ನೆನೆದು ಕೈಮುಗಿದಳು. ಮನೆದೇವರಿಗೆ. ಮಾವನಿಗೆ. ಕೆಂಪು ಕಿಡಿ ಕಾಣಿಸಿದ ತನ್ನ ಹೆದರುಪುಕ್ಕಲು ಕಣ್ಣುಗಳಿಗೆ. ಆ ಚಡ್ಡಿಗೆ ಎಲಾಸ್ಟಿಕ್ ಹೊಲಿದ ಪುಣ್ಯಾತ್ಮ ಯಾರೋ ಏನೋ, ಅವನ ವಂಶ ಬೆಳೆಯಲಿ ಎಂದು ಅವನಿಗೂ!

ಇಷ್ಟೆಲ್ಲ ಆದರೂ ವಿಕ್ಕು ಅತ್ತಿರಲಿಲ್ಲ. ತಾಯಿಯ ಮುಖವನ್ನೇ ಪಿಳಿಪಿಳಿ ನೋಡುತ್ತಿದ್ದ. ಹೆದರಿದ್ದಾನೆ, ಪಾಪ, ಎಂದು ಇಂದೂ ಅವನನ್ನು ಇನ್ನಷ್ಟು ಅವಚಿಕೊಂಡಳು.

“ಮಮ್ಮೀ.”

“ಏನ್ ಕಂದಾ? ನೋವಾತೇನು? ಎಲ್ಲೆ?”

ಅವನು ಇಲ್ಲವೆಂದು ತಲೆಯಾಡಿಸಿದ. ಎಣ್ಣೆ ಕೈಗಳಿಂದ ಅವಳ ಎರಡೂ ಗಲ್ಲ ಹಿಡಿದು, ಇಷ್ಟು ದಿನ ತನಗೆ ಏನೋ ಮೋಸವಾಗಿದೆ ಎಂಬಂಥ ದನಿಯಲ್ಲಿ ಕೇಳಿದ:

“ನಿನಗ ಇಷ್ಟು ಚೊಲೋ ಆಡಾಕ ಬರ್ತಿದ್ರ, ಮತ್ತ ಅಂಪೈರ್ ಯಾಕ ಆಗಿದ್ದಿ?”